ಟ್ರೇಲರ್ ಎಳೆಯುವ ಪಿಕಪ್: ಡೀಸೆಲ್ಲೇ ಬೇಕೇ, ಪೆಟ್ರೋಲ್ ಸಾಕೇ?

ಆಸ್ಟಿನ್ ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ಟೆಕ್ಸಸ್‌ನ ಆಸ್ಟಿನ್ ಹತ್ತಿರ ಇರುವ ನಾವು ಮನೆಮಂದಿ ಐದು ಜನ. ಕಳೆದ ತಿಂಗಳು 28 ಅಡಿಯ ಟ್ರಾವೆಲ್ ಟ್ರೇಲರ್ (ಗಾಡಿಯ ಹಿಂದೆ ಎಳೆದೊಯ್ಯುವ ಗಾಲಿಮನೆ) ಒಂದಕ್ಕೆ ಮುಂಗಡ ಕೊಟ್ಟಿದ್ದೇವೆ. ಸಾಮಾನೆಲ್ಲ ತುಂಬಿದರೆ ಅದು ಹೆಚ್ಚೆಂದರೆ 8,600 ಪೌಂಡ್ ತೂಗಬಹುದು. ಈಗಿರುವ ಅರ್ಧ ಟನ್ ಪಿಕಪ್ (ಅರ್ಧ, ಮುಕ್ಕಾಲು, ಒಂದು ಟನ್ ಎನ್ನುವುದು ಇಲ್ಲಿ ವರ್ಗದ ಹೆಸರಷ್ಟೇ, ನಿಜವಾದ ತೂಕವಲ್ಲ) ಇದಕ್ಕೆ ಸಾಲದೆಂದು ಗೊತ್ತಾಗಿರುವುದರಿಂದ ಮುಕ್ಕಾಲು ಟನ್ ವರ್ಗದ ಗಾಡಿಯನ್ನು, ಅಂದರೆ ಎಫ್-250, ರ‍್ಯಾಮ್ 2500, ಸಿಲ್ವರಾಡೊ 2500 ಇವುಗಳಲ್ಲಿ ಒಂದನ್ನು ನೋಡುತ್ತಿದ್ದೇವೆ. ವರ್ಷಕ್ಕೆ ಒಟ್ಟು 15,000 ಮೈಲಿ ಓಡಿಸುತ್ತೇನೆ. ಅದರಲ್ಲಿ ಟ್ರೇಲರ್ ಕಟ್ಟಿಕೊಂಡು ಹೋಗುವುದು 5,000 ಮೈಲಿ ಇದ್ದೀತು. ಬರುವ ಜುಲೈಯಲ್ಲಿ ಮೊದಲ ದೊಡ್ಡ ಪ್ರವಾಸ ಕೊಲರಾಡೊ ಬೆಟ್ಟಗಳಿಗೆ.

ಸಕಲೇಶಪುರದಲ್ಲಿರುವ ನಮ್ಮ ತಂದೆಯವರು ಕಾಫಿ ಮೂಟೆ ಸಾಗಿಸಲು ಇಟ್ಟಿರುವುದು ಡೀಸೆಲ್ ಬೊಲೆರೊ ಪಿಕಪ್. ಫೋನಿನಲ್ಲಿ ವಿಷಯ ಹೇಳಿದರೆ, "ಇದರಲ್ಲಿ ಕೇಳುವುದೇನಿದೆ, ಭಾರ ಎಳೆಯುವುದು ಡೀಸೆಲ್, ಉಳಿತಾಯವೂ ಡೀಸೆಲ್ಲೇ" ಎಂದರು. ಆದರೆ ಇಲ್ಲಿ ಡೀಸೆಲ್ ಎಂಜಿನ್ ಬೇಕೆಂದರೆ ಸುಮಾರು 10,000 ಡಾಲರ್ ಹೆಚ್ಚಿಗೆ ತೆರಬೇಕು. ಆ ದುಡ್ಡು ಎಂದಾದರೂ ವಾಪಸ್ ಬರುತ್ತದೆಯೇ ಎಂಬುದು ನನ್ನ ಪ್ರಶ್ನೆ.

(ಇಲ್ಲಿಯವರು ಗ್ಯಾಸ್ ಎನ್ನುವುದನ್ನು ನಾನು ಪೆಟ್ರೋಲ್ ಎಂದೇ ಬರೆಯುತ್ತಿದ್ದೇನೆ. ಗ್ಯಾಸ್ ಎಂದ ಕೂಡಲೇ ಅಡುಗೆಮನೆಯ ಸಿಲಿಂಡರ್ ಕಣ್ಣಮುಂದೆ ಬರುವುದು ಇಪ್ಪತ್ತು ವರ್ಷವಾದರೂ ಹೋಗಿಲ್ಲ.)

ಡೆನ್ವರ್ ಬಯಲುಸೀಮೆಯವ

ಮಲೆನಾಡಿಗರೇ, ನೀವು ಕೊಲರಾಡೊ ಎಂದಿರುವುದರಿಂದ ನಾನು ಬಾಯಿ ಹಾಕಲೇಬೇಕು. ಏಳು ವರ್ಷದಿಂದ ಮುಕ್ಕಾಲು ಟನ್ ಡೀಸೆಲ್ಲಿನಲ್ಲಿ 9,000 ಪೌಂಡಿನ ಟ್ರೇಲರ್ ಎಳೆಯುತ್ತಿದ್ದೇನೆ. ಅದಕ್ಕೂ ಮೊದಲು ನಾಲ್ಕು ವರ್ಷ ಪೆಟ್ರೋಲ್ ವಿ-8 ಗಾಡಿಯಲ್ಲಿ ಅದೇ ದಾರಿಗಳಲ್ಲಿ ಓಡಾಡಿದ್ದೇನೆ.

ಎಲ್ಲರೂ ಏರಿನ ಬಗ್ಗೆಯೇ ಮಾತಾಡುತ್ತಾರೆ. ನಿಮ್ಮನ್ನು ಹೆದರಿಸಬೇಕಾದದ್ದು ಇಳಿಜಾರು. ಡೆನ್ವರಿನಿಂದ ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ ಐಸೆನ್‌ಹೋವರ್ ಸುರಂಗ ಸಿಗುತ್ತದೆ. ಅದರ ಪಶ್ಚಿಮದ ಬಾಯಿ ಸಮುದ್ರಮಟ್ಟದಿಂದ 11,158 ಅಡಿ ಎತ್ತರದಲ್ಲಿದೆ. ಅಲ್ಲಿಂದ ಸಿಲ್ವರ್‌ಥಾರ್ನ್ ಊರಿನವರೆಗೆ ಸುಮಾರು 8 ಮೈಲಿಯಲ್ಲಿ 2,000 ಅಡಿಗೂ ಹೆಚ್ಚು ಇಳಿಯಬೇಕು, ಕೆಲವು ಕಡೆ ಇಳಿಜಾರು ನೂರಕ್ಕೆ 7. ಬ್ರೇಕ್ ಕಳೆದುಕೊಂಡ ಲಾರಿಗಳು ನುಗ್ಗಿ ನಿಲ್ಲಲೆಂದು ರಸ್ತೆಯ ಪಕ್ಕದಲ್ಲಿ ಜಲ್ಲಿಯ ಏರುದಾರಿಗಳನ್ನು ಮಾಡಿಟ್ಟಿದ್ದಾರೆ. ಅವು ಅಲಂಕಾರಕ್ಕೆ ಇರುವುದಲ್ಲ.

ಪೆಟ್ರೋಲ್ ಗಾಡಿಯಲ್ಲಿ ಮೊದಲ ಸಲ ಇಳಿದಾಗ ನಾನು ಬ್ರೇಕಿನ ಮೇಲೆ ಕಾಲಿಟ್ಟವನು ತೆಗೆಯಲೇ ಇಲ್ಲ. ಕೆಳಗೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಳಿದರೆ ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ; ಚಕ್ರದ ಹತ್ತಿರ ಅಂಗೈ ಹಿಡಿದರೆ ಒಲೆಯ ಮುಂದೆ ಕೂತ ಹಾಗೆ ಕಾವು. ಹೆಂಡತಿ ಮಾತಾಡಲಿಲ್ಲ, ಮಕ್ಕಳನ್ನು ಇಳಿಸಿಕೊಂಡು ದೂರ ಹೋಗಿ ನಿಂತಳು. ಈಗಿನ ಡೀಸೆಲ್ಲಿನಲ್ಲಿ ಎಕ್ಸಾಸ್ಟ್ ಬ್ರೇಕಿನ ಗುಂಡಿ ಒತ್ತಿದರೆ ಟರ್ಬೊದ ಒಳಗಿನ ರೆಕ್ಕೆಗಳು ಮುಚ್ಚಿಕೊಂಡು, ಹೊಗೆ ಹೊರಹೋಗುವ ದಾರಿ ಇಕ್ಕಟ್ಟಾಗಿ, ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಅದೇ 8 ಮೈಲಿಯಲ್ಲಿ ಈಗ ನಾನು ಬ್ರೇಕ್ ಮುಟ್ಟುವುದು ಎರಡು ಸಲವೋ ಮೂರು ಸಲವೋ. 10,000 ಡಾಲರ್ ಹೆಚ್ಚು ಕೊಟ್ಟದ್ದು ಈ ಒಂದು ಗುಂಡಿಗಾಗಿ ಎಂದುಕೊಂಡರೂ ನನಗೆ ಬೇಸರವಿಲ್ಲ.

ಮಿಶಿಗನ್ ಮೆಕ್ಯಾನಿಕಲ್

ಬಯಲುಸೀಮೆಯವರು ಇಳಿಜಾರಿನ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೊಂದು ಲೆಕ್ಕ ಸೇರಿಸುತ್ತೇನೆ. ಜನ, ಸಾಮಾನು ಸೇರಿ ಗಾಡಿ 8,000 ಪೌಂಡ್, ಟ್ರೇಲರ್ 8,500 ಪೌಂಡ್ ಎಂದರೆ ಒಟ್ಟು 16,500 ಪೌಂಡ್. ಇಷ್ಟು ಭಾರ 2,100 ಅಡಿ ಇಳಿದಾಗ ಬಿಡುಗಡೆಯಾಗುವ ಶಕ್ತಿ, ಒಂದು ಗ್ಯಾಲನ್ ಡೀಸೆಲ್ಲಿನ ಮೂರನೇ ಒಂದು ಭಾಗವನ್ನು ಸುಟ್ಟರೆ ಬರುವ ಶಾಖಕ್ಕೆ ಹೆಚ್ಚುಕಡಿಮೆ ಸಮ. ಗಾಳಿಯ ತಡೆಯೂ ಎಂಜಿನ್ನೂ ಎಷ್ಟನ್ನು ತೆಗೆದುಕೊಳ್ಳುತ್ತವೆಯೋ ಅಷ್ಟನ್ನು ಬಿಟ್ಟು ಉಳಿದದ್ದೆಲ್ಲ ಬ್ರೇಕ್ ಡಿಸ್ಕುಗಳಲ್ಲೇ ಕರಗಬೇಕು.

ಆದರೆ ಏರಿನ ವಿಷಯದಲ್ಲಿ ಡೀಸೆಲ್ ಅಭಿಮಾನಿಗಳು ಟಾರ್ಕ್ (ಎಂಜಿನ್ನಿನ ತಿರುಚುವ ಬಲ) ಅಂಕಿಯನ್ನು ಮುಂದೆ ಹಿಡಿದು ಸ್ವಲ್ಪ ಹೆದರಿಸುತ್ತಾರೆ ಎಂದೇ ನನ್ನ ಅಭಿಪ್ರಾಯ. 2023ರ ನಂತರದ ಫೋರ್ಡ್ ಸೂಪರ್ ಡ್ಯೂಟಿಯನ್ನೇ ತೆಗೆದುಕೊಳ್ಳಿ. ಅದರ 6.7 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್ 475 ಅಶ್ವಶಕ್ತಿ, 1,050 ಪೌಂಡ್-ಅಡಿ ಟಾರ್ಕ್ ಕೊಡುತ್ತದೆ, 7.3 ಲೀಟರ್ ಪೆಟ್ರೋಲ್ ವಿ-8 ಕೊಡುವುದು 430 ಅಶ್ವಶಕ್ತಿ, 485 ಪೌಂಡ್-ಅಡಿ. ಟಾರ್ಕಿನಲ್ಲಿ ಎರಡರಷ್ಟಕ್ಕೂ ಮಿಕ್ಕಿದ ವ್ಯತ್ಯಾಸವಿದೆ, ಅಶ್ವಶಕ್ತಿಯಲ್ಲಿ ಇರುವುದು ನೂರಕ್ಕೆ ಹತ್ತರಷ್ಟು ಮಾತ್ರ. ಏರನ್ನು ಯಾವ ವೇಗದಲ್ಲಿ ಹತ್ತುತ್ತೀರಿ ಎಂಬುದನ್ನು ನಿರ್ಧರಿಸುವುದು ಅಶ್ವಶಕ್ತಿ. ಟಾರ್ಕ್ ಕಡಿಮೆ ಇದ್ದರೆ ಗೇರ್ ಬಾಕ್ಸ್ ಕೆಳಗಿನ ಗೇರಿಗೆ ಬಿದ್ದು ಎಂಜಿನ್ನನ್ನು ಹೆಚ್ಚು ತಿರುಗಿಸಿ ಆ ಕೊರತೆಯನ್ನು ತುಂಬುತ್ತದೆ. ಅದಕ್ಕಾಗಿಯೇ ಈಗ ಹತ್ತು ಗೇರುಗಳಿವೆ.

ನಿಮ್ಮ 16,500 ಪೌಂಡನ್ನು ನೂರಕ್ಕೆ 7ರ ಏರಿನಲ್ಲಿ ಗಂಟೆಗೆ 50 ಮೈಲಿ ವೇಗದಲ್ಲಿ ಹತ್ತಿಸಲು ಏರಿಗೆಂದೇ 154 ಅಶ್ವಶಕ್ತಿ ಬೇಕು. ಟೈರುಗಳ ಉರುಳು, ಗಾಳಿಯ ತಡೆ ಸೇರಿಸಿದರೆ ಚಕ್ರದ ಬಳಿ 220ರ ಆಸುಪಾಸು, ಎಂಜಿನ್ನಿನ ಬಳಿ 250ರ ಆಸುಪಾಸು. ಸಮುದ್ರಮಟ್ಟದಲ್ಲಿ 7.3ಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಪ್ರತಿ 1,000 ಅಡಿ ಎತ್ತರಕ್ಕೆ ಹತ್ತಿರ ಹತ್ತಿರ ನೂರಕ್ಕೆ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 11,000 ಅಡಿಯಲ್ಲಿ ನಿಮ್ಮ 430 ಕುದುರೆಗಳಲ್ಲಿ ಉಳಿಯುವುದು 290. ಆಗಲೂ ಗಾಡಿ ಹತ್ತುತ್ತದೆ, ಆದರೆ 4,500 ಆರ್‌ಪಿಎಂ ದಾಟಿ ಕೂಗುತ್ತಾ ಹತ್ತುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗು ಏಳುತ್ತದೆ. ಡೀಸೆಲ್ಲಿನ ಟರ್ಬೊ ತೆಳು ಗಾಳಿಯನ್ನೂ ಒತ್ತಿ ತುಂಬಿಸುವುದರಿಂದ ಅದು 2,500 ಆರ್‌ಪಿಎಂ ಒಳಗೇ ಆ ಕೆಲಸವನ್ನು ಮುಗಿಸುತ್ತದೆ. ಎಂಜಿನ್ ಕೂಗಿದರೆ ಹಾಳಾಗುತ್ತದೆ ಎಂಬ ನಮ್ಮೂರಿನ ನಂಬಿಕೆಯನ್ನು ಮಾತ್ರ ಇಲ್ಲಿ ತರಬೇಡಿ. ಅದು ಆ ವೇಗದಲ್ಲಿ ಗಂಟೆಗಟ್ಟಲೆ ಓಡಲೆಂದೇ ಮಾಡಿದ ಎಂಜಿನ್.

ತಯಾರಕರು ಹೇಳುವ ಎಳೆತದ ಅಂಕಿಗಳ ಹಿಂದೆ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2807 ಎಂಬ ಮಾನಕ ಇದೆ. ಅರಿಜೋನಾದ ಡೇವಿಸ್ ಡ್ಯಾಮ್ ಏರನ್ನು, 11.4 ಮೈಲಿಯಷ್ಟನ್ನು, ಬೇಸಿಗೆಯ ಬಿಸಿಲಿನಲ್ಲಿ ಎ.ಸಿ. ಹಾಕಿಕೊಂಡೇ ಪೂರ್ಣ ಭಾರದೊಂದಿಗೆ ಹತ್ತಬೇಕು. ಹಿಂಬದಿಯ ಪ್ರತಿ ಪಕ್ಕದಲ್ಲಿ ಒಂದೇ ಚಕ್ರವಿರುವ ಗಾಡಿ ಗಂಟೆಗೆ 40 ಮೈಲಿಗಿಂತ ಕೆಳಗೆ ಇಳಿಯಬಾರದು. ಇದರಲ್ಲಿ ಗೆದ್ದ ಪೆಟ್ರೋಲ್ ಗಾಡಿ ನಿಮ್ಮ 8,600 ಪೌಂಡ್ ಎಳೆಯಲಾರದು ಎನ್ನುವುದು ಸುಳ್ಳು.

ಆಸ್ಟಿನ್ ಮಲೆನಾಡಿಗ

ಇಬ್ಬರಿಗೂ ಧನ್ಯವಾದಗಳು. ಇಳಿಜಾರಿನ ವಿಷಯ ಓದಿದ ಮೇಲೆ ಶಿರಾಡಿ ಘಾಟಿ ನೆನಪಾಯಿತು. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂದು ತಂದೆಯವರು ಚಾಲಕರಿಗೆಲ್ಲ ಹೇಳುತ್ತಿದ್ದರು. ಹಾಗಾದರೆ ಎಳೆತಕ್ಕೆ ಎರಡೂ ಸಾಕು, ಆರಾಮಕ್ಕೆ ಡೀಸೆಲ್ ಎಂದಾಯಿತು. ಖರ್ಚಿನ ಕಥೆ ಏನು? ಡೀಸೆಲ್ ಗಾಡಿ ಹೆಚ್ಚು ಮೈಲಿ ಕೊಡುವುದಂತೂ ನಿಜವಲ್ಲವೇ?

ಡಲ್ಲಾಸ್ ಲೆಕ್ಕಿಗ

ನನ್ನ ಕೆಲಸವೇ ಲೆಕ್ಕಪತ್ರ ನೋಡುವುದು, ಆದ್ದರಿಂದ ಇದನ್ನು ನನಗೆ ಬಿಡಿ. ನನ್ನ ಮನೆಯಲ್ಲಿ ಪೆಟ್ರೋಲ್ 7.3 ಇದೆ, ಭಾವಮೈದುನನ ಬಳಿ ಅದೇ ಗಾಡಿಯ ಡೀಸೆಲ್ ಇದೆ. ಎರಡರ ಬಿಲ್ಲುಗಳನ್ನೂ ಎರಡು ವರ್ಷದಿಂದ ಬರೆದಿಡುತ್ತಿದ್ದೇನೆ. ಖಾಲಿ ಓಡಿದಾಗ ನನ್ನದು ಗ್ಯಾಲನ್‌ಗೆ 15 ಮೈಲಿ, ಅವನದು 18. ಟ್ರೇಲರ್ ಕಟ್ಟಿದಾಗ ನನ್ನದು 8, ಅವನದು 11. ನಿಮ್ಮದು ಬೇರೆ ಬಂದೀತು. ಈ ವರ್ಗದ ಗಾಡಿಗಳ ಒಟ್ಟು ಭಾರದ ಮಿತಿ (ಗಾಡಿಯೂ ಅದು ಹೊತ್ತದ್ದೂ ಸೇರಿ) 8,500 ಪೌಂಡ್ ದಾಟುವುದರಿಂದ ಅವುಗಳ ಕಿಟಕಿಗೆ ಅಂಟಿಸುವ ಚೀಟಿಯಲ್ಲಿ ಇಪಿಎ (ಇಲ್ಲಿನ ಸರ್ಕಾರದ ಪರಿಸರ ಸಂಸ್ಥೆ) ಮೈಲೇಜ್ ಅಂಕಿಯೇ ಇರುವುದಿಲ್ಲ. ಹೀಗಾಗಿ ಬಳಸಿದವರ ಬಿಲ್ಲುಗಳೇ ಗತಿ.

ಈಗ ಪೆಟ್ರೋಲ್ ಗ್ಯಾಲನ್‌ಗೆ 3 ಡಾಲರ್, ಡೀಸೆಲ್ 3.60 ಎಂದು ಹಿಡಿಯೋಣ. ಖಾಲಿ ಓಡುವ 10,000 ಮೈಲಿಗೆ ಪೆಟ್ರೋಲ್ ಗಾಡಿಯ ಖರ್ಚು 2,000 ಡಾಲರ್. ಡೀಸೆಲ್ ಗಾಡಿಯದೂ 2,000 ಡಾಲರ್. ತಪ್ಪು ಲೆಕ್ಕವಲ್ಲ, ನೀವೇ ಭಾಗಿಸಿ ನೋಡಿ. ಟ್ರೇಲರ್ ಕಟ್ಟಿದ 5,000 ಮೈಲಿಗೆ ಪೆಟ್ರೋಲಿಗೆ 1,875 ಡಾಲರ್, ಡೀಸೆಲ್ಲಿಗೆ 1,636. ವರ್ಷದ ಉಳಿತಾಯ 239 ಡಾಲರ್. 10,000 ಡಾಲರ್ ಈ ದರದಲ್ಲಿ ವಾಪಸ್ ಬರಲು ಸುಮಾರು 42 ವರ್ಷ ಬೇಕು. ನಿಮ್ಮ ಮೊಮ್ಮಗ ಆ ಗಾಡಿ ಮಾರಬೇಕಾದೀತು.

ಅಷ್ಟಕ್ಕೇ ಮುಗಿಯಲಿಲ್ಲ. ಡೀಸೆಲ್ಲಿಗೆ ಹೊಗೆ ಶುದ್ಧಮಾಡಲು ಡಿಇಎಫ್ ಎಂಬ ಯೂರಿಯಾ ದ್ರವವನ್ನು ಬೇರೆ ತೊಟ್ಟಿಯಲ್ಲಿ ತುಂಬಿಸಬೇಕು. ಇಂಧನದ ನೂರಕ್ಕೆ 2ರಿಂದ 3ರಷ್ಟು ಅದು ಖರ್ಚಾಗುತ್ತದೆ. ಪವರ್ ಸ್ಟ್ರೋಕ್‌ಗೆ ಒಂದು ಸಲ ಆಯಿಲ್ ಬದಲಾಯಿಸಲು 13 ಕ್ವಾರ್ಟ್ (ಕ್ವಾರ್ಟ್ ಎಂದರೆ ಲೀಟರಿಗಿಂತ ಸ್ವಲ್ಪ ಕಡಿಮೆ) ಬೇಕು, ನನ್ನ 7.3ಕ್ಕೆ 8 ಸಾಕು. ಅದರ ಜೊತೆ ಇಂಧನದ ಫಿಲ್ಟರುಗಳು ಬೇರೆ. ಇವೆಲ್ಲ ಸೇರಿದರೆ ಆ 239 ಡಾಲರಿನಲ್ಲಿ ಏನೂ ಉಳಿಯುವುದಿಲ್ಲ.

ತಂದೆಯವರ ಮಾತು ಸುಳ್ಳಲ್ಲ, ಆದರೆ ಅದು ಕರ್ನಾಟಕದ ಬಂಕಿನ ಲೆಕ್ಕ. ಅಲ್ಲಿ ಡೀಸೆಲ್ ಲೀಟರಿಗೆ ಪೆಟ್ರೋಲಿಗಿಂತ ಅಗ್ಗ, ಹಾಗಾಗಿ ಮೈಲೇಜಿನಲ್ಲೂ ಲಾಭ, ದರದಲ್ಲೂ ಲಾಭ. ಇಲ್ಲಿ ಕೇಂದ್ರದ ತೆರಿಗೆಯೇ ಡೀಸೆಲ್ ಗ್ಯಾಲನ್‌ಗೆ 24.4 ಸೆಂಟ್, ಪೆಟ್ರೋಲಿಗೆ 18.4 ಸೆಂಟ್. ಟೆಕ್ಸಸ್ ಮಾತ್ರ ಎರಡಕ್ಕೂ 20 ಸೆಂಟ್ ಹಾಕಿ ಭೇದ ಮಾಡಿಲ್ಲ. ಅದೂ ಅಲ್ಲದೆ ಒಂದು ಗ್ಯಾಲನ್ ಡೀಸೆಲ್ಲಿನಲ್ಲಿ ಪೆಟ್ರೋಲಿಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಶಾಖ ತುಂಬಿರುತ್ತದೆ. ಮೈಲೇಜಿನ ವ್ಯತ್ಯಾಸದಲ್ಲಿ ಒಂದು ಪಾಲು ಎಂಜಿನ್ನಿನ ಜಾಣತನವಲ್ಲ, ಇಂಧನ ದಪ್ಪಗಿರುವುದರ ಫಲ.

ನಾನು ನೆನಪಿಟ್ಟುಕೊಂಡಿರುವ ಅಂಕಿ ಇಷ್ಟೇ. ಡೀಸೆಲ್ ದರ ಪೆಟ್ರೋಲಿಗಿಂತ ನೂರಕ್ಕೆ 20ಕ್ಕಿಂತ ಮೇಲಿದ್ದರೆ ಖಾಲಿ ಓಡಿಸುವಾಗ ಡೀಸೆಲ್ ಗಾಡಿಗೆ ನಷ್ಟ. 37 ದಾಟಿದರೆ ಟ್ರೇಲರ್ ಎಳೆಯುವಾಗಲೂ ನಷ್ಟ. ಎರಡರ ದರವೂ 3.30 ಆಗಿ ಸಮನಾಗಿದ್ದರೆ ವರ್ಷಕ್ಕೆ 930 ಡಾಲರ್ ಉಳಿದು 11 ವರ್ಷದಲ್ಲಿ ದುಡ್ಡು ಹುಟ್ಟುತ್ತದೆ.

ಕೆಂಟಕಿ ಕುದುರೆಲಾಯ

ನಾನು ಎಳೆಯುವುದು ಎರಡು ಕುದುರೆಗಳ ಟ್ರೇಲರ್. ಮೊದಲು ಡೀಸೆಲ್ ಇತ್ತು, ಮಾರಿದೆ. ಕಾರಣ ಇಲ್ಲಿ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ಓಡಾಟವೆಲ್ಲ ಚಿಕ್ಕದು. ಪಶುವೈದ್ಯರ ಬಳಿಗೆ 12 ಮೈಲಿ, ಮೇವಿನ ಅಂಗಡಿಗೆ 6 ಮೈಲಿ. 2007ರ ನಂತರದ ಡೀಸೆಲ್ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ. ಅದು ಚೆನ್ನಾಗಿ ಕಾದಾಗ ಮಾತ್ರ ಒಳಗಿನ ಮಸಿಯನ್ನು ಸುಟ್ಟುಕೊಳ್ಳುತ್ತದೆ. ನನ್ನ ಗಾಡಿ ಕಾಯುವ ಹೊತ್ತಿಗೆ ಮನೆ ಬಂದಿರುತ್ತಿತ್ತು. ಮಸಿ ಕಟ್ಟಿ ಎಚ್ಚರಿಕೆಯ ದೀಪ ಹತ್ತುವುದು, ಅದನ್ನು ಸುಡಲೆಂದೇ ಹೆದ್ದಾರಿಯಲ್ಲಿ ಅರ್ಧ ಗಂಟೆ ಸುಮ್ಮನೆ ಓಡಿಸಿ ಬರುವುದು, ಇದೇ ಆಯಿತು. ಆಮೇಲೆ ಒಂದು ಚಳಿಗಾಲದಲ್ಲಿ ಡಿಇಎಫ್ ತೊಟ್ಟಿಯ ಹೀಟರ್ ಕೆಟ್ಟಿತು. ಆ ದ್ರವ ಸೊನ್ನೆಗಿಂತ 11 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಇನ್ನಿಷ್ಟು ಮೈಲಿ ಓಡಿದರೆ ವೇಗ ತಗ್ಗಿಸುತ್ತೇನೆ ಎಂದು ಗಾಡಿಯೇ ಪರದೆಯ ಮೇಲೆ ಬೆದರಿಸತೊಡಗಿತು. ಹಿಂದೆ ಹೊಟ್ಟೆನೋವಿನ ಕುದುರೆ, ಹೊರಗೆ ಹಿಮ. ಆ ದಿನವೇ ತೀರ್ಮಾನ ಮಾಡಿದೆ.

ಈಗ 6.6 ಲೀಟರಿನ ಪೆಟ್ರೋಲ್ ಗಾಡಿ ಇದೆ. ಪೆಟ್ರೋಲ್ ಕುಡಿಯುತ್ತದೆ, ಒಪ್ಪುತ್ತೇನೆ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಹೊರಡುತ್ತದೆ.

ಈ ಫಿಲ್ಟರುಗಳನ್ನೆಲ್ಲ ಕಿತ್ತುಹಾಕಿಸಿ ಎಂದು ಗ್ಯಾರೇಜಿನವರೊಬ್ಬರು ಕಿವಿಯಲ್ಲಿ ಹೇಳಿದ್ದುಂಟು. ಅದು ಕೇಂದ್ರದ ವಾಯು ಶುದ್ಧತೆಯ ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ. ಆ ದಾರಿ ಹಿಡಿಯಬೇಡಿ.

ಡೆನ್ವರ್ ಬಯಲುಸೀಮೆಯವ

ಲೆಕ್ಕಿಗರೇ, ನಿಮ್ಮ ಲೆಕ್ಕದಲ್ಲಿ ಮಾರುವ ದಿನ ಇಲ್ಲ. ಲಕ್ಷ ಮೈಲಿ ಓಡಿದ ಡೀಸೆಲ್ ಗಾಡಿಗೆ ಅದೇ ವಯಸ್ಸಿನ ಪೆಟ್ರೋಲ್ ಗಾಡಿಗಿಂತ ಸಾವಿರಾರು ಡಾಲರ್ ಹೆಚ್ಚು ಬರುತ್ತದೆ. ನಾನು ಕೊಟ್ಟ 10,000ದಲ್ಲಿ ಒಂದು ಪಾಲು ಗಾಡಿಯಲ್ಲೇ ಕುಳಿತಿದೆ.

ಇನ್ನೊಂದು ಮಾತು. 34 ಗ್ಯಾಲನ್ ಟ್ಯಾಂಕಿಗೆ ನಿಮ್ಮದೇ ಅಂಕಿ ಹಾಕಿದರೆ ಟ್ರೇಲರ್ ಕಟ್ಟಿದ ಪೆಟ್ರೋಲ್ ಗಾಡಿ 272 ಮೈಲಿಗೆ ಬತ್ತುತ್ತದೆ, ಡೀಸೆಲ್ 374 ಮೈಲಿ ಹೋಗುತ್ತದೆ. ಅದಕ್ಕಿಂತ ದೊಡ್ಡದು ಎಲ್ಲಿ ತುಂಬಿಸುತ್ತೀರಿ ಎಂಬುದು. 28 ಅಡಿಯ ಟ್ರೇಲರ್ ಕಟ್ಟಿಕೊಂಡು ಕಾರುಗಳ ಮಧ್ಯೆ ಪೆಟ್ರೋಲ್ ಪಂಪಿಗೆ ನುಗ್ಗಿ, ಮೂಲೆಯ ಹಳದಿ ಕಂಬಕ್ಕೆ ಒರೆಸದೆ ಹೊರಬರುವುದು ಒಂದು ವಿದ್ಯೆ. ಡೀಸೆಲ್ಲಿನವರು ಲಾರಿಗಳ ಸಾಲಿನಲ್ಲಿ ನೇರ ಹೋಗಿ ನೇರ ಹೊರಡಬಹುದು. ಅಲ್ಲಿ ಡಿಇಎಫ್ ಕೂಡ ಪಂಪಿನಲ್ಲೇ ಸಿಗುತ್ತದೆ, ಡಬ್ಬಿಗಿಂತ ಅಗ್ಗ.

ಡಲ್ಲಾಸ್ ಲೆಕ್ಕಿಗ

ಮರುಮಾರಾಟದ ಮಾತು ಒಪ್ಪಿದೆ. ಅದನ್ನು ಬಿಟ್ಟದ್ದು ನನ್ನ ತಪ್ಪು. ಆದರೆ ಆ 10,000ಕ್ಕೆ ಆರು ವರ್ಷ ಕಟ್ಟುವ ಸಾಲದ ಬಡ್ಡಿಯನ್ನು ನೀವೂ ಬಿಟ್ಟಿದ್ದೀರಿ.

ಮಿಶಿಗನ್ ಮೆಕ್ಯಾನಿಕಲ್

ಎಂಜಿನ್ ಜಗಳ ಸಾಕು. ಮಲೆನಾಡಿಗರೇ, ಗಾಡಿ ನೋಡಲು ಹೋದಾಗ ಬಾನೆಟ್ ತೆರೆಯುವ ಮೊದಲು ಚಾಲಕನ ಬಾಗಿಲು ತೆರೆಯಿರಿ. ಚೌಕಟ್ಟಿನ ಮೇಲೆ ಹಳದಿ-ಬಿಳಿ ಚೀಟಿ ಇರುತ್ತದೆ. ಜನ ಮತ್ತು ಸಾಮಾನಿನ ಒಟ್ಟು ತೂಕ ಇಷ್ಟನ್ನು ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಇದೇ ಪೇಲೋಡ್. ಬಹಳಷ್ಟು ಮುಕ್ಕಾಲು ಟನ್ ಗಾಡಿಗಳ ಒಟ್ಟು ಭಾರದ ಮಿತಿಯನ್ನು 10,000 ಪೌಂಡಿಗೆ ನಿಲ್ಲಿಸಿರುತ್ತಾರೆ. ಡೀಸೆಲ್ ಎಂಜಿನ್ ಪೆಟ್ರೋಲಿಗಿಂತ ನೂರಾರು ಪೌಂಡ್ ಹೆಚ್ಚು ತೂಗುವುದರಿಂದ ಅಷ್ಟೂ ಭಾರ ನಿಮ್ಮ ಪೇಲೋಡಿನಿಂದಲೇ ಕಳೆದುಹೋಗುತ್ತದೆ. ಸನ್‌ರೂಫ್, ಚರ್ಮದ ಸೀಟು, ದೊಡ್ಡ ಚಕ್ರ ಎಲ್ಲವೂ ಅದರಿಂದಲೇ.

ಟ್ರೇಲರಿನ ಎಲ್ಲ ಭಾರವೂ ಅದರ ಚಕ್ರಗಳ ಮೇಲೆ ಇರುವುದಿಲ್ಲ. ನೂರಕ್ಕೆ 10ರಿಂದ 15ರಷ್ಟು ಕೊಂಡಿಯ ಮೂಲಕ ಪಿಕಪ್ಪಿನ ಮೇಲೆ ಕೂರುತ್ತದೆ, ಕೂರಲೇಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹೆದ್ದಾರಿಯಲ್ಲಿ ಬಾಲ ಅಲ್ಲಾಡಿಸತೊಡಗುತ್ತದೆ.

ಆಸ್ಟಿನ್ ಮಲೆನಾಡಿಗ

ಶನಿವಾರ ಹೋಗಿ ನೋಡಿ ಬಂದೆವು. ಮಾರಾಟದ ಹುಡುಗ ಡೀಸೆಲ್ ಗಾಡಿಯ ಎಂಜಿನ್ ಚಾಲೂ ಮಾಡಿ ಅದರ ಸದ್ದು ಕೇಳಿಸುತ್ತಿದ್ದ. ನಾನು ಬಾಗಿಲು ತೆರೆದು ಚೀಟಿ ಓದುತ್ತಿದ್ದೆ. ಎಲ್ಲ ಸೌಲಭ್ಯಗಳೂ ಇದ್ದ, ನಾಲ್ಕೂ ಚಕ್ರ ಚಾಲನೆಯ ಆ ಡೀಸೆಲ್ ಗಾಡಿಯ ಪೇಲೋಡ್ 1,950 ಪೌಂಡ್. ಪಕ್ಕದಲ್ಲೇ ನಿಂತಿದ್ದ, ಮಧ್ಯಮ ದರ್ಜೆಯ ಪೆಟ್ರೋಲ್ 7.3ರ ಪೇಲೋಡ್ 2,900.

ಕೊಂಡಿಯ ಮೇಲಿನ ಭಾರ 8,600ರ ನೂರಕ್ಕೆ 12.5, ಅಂದರೆ 1,075 ಪೌಂಡ್. ಭಾರ ಹಂಚುವ ಹಿಚ್ (ಕೊಂಡಿಯ ಸಲಕರಣೆ) 100. ನಾವು ಐದು ಜನ 700. ಪಿಕಪ್ಪಿನ ಹಿಂದಿನ ಡಬ್ಬದಲ್ಲಿ ಜನರೇಟರ್, ಸೈಕಲ್ಲುಗಳು, ನಮ್ಮ ಮನೆಯವರು ಬಿಟ್ಟು ಬರಲು ಒಪ್ಪದ ವೆಟ್ ಗ್ರೈಂಡರ್ ಸೇರಿ 250. ಒಟ್ಟು 2,125. ಪರದೆಯ ಮೇಲೆ ಸಾವಿರಗಟ್ಟಲೆ ಪೌಂಡ್ ಎಳೆಯುತ್ತೇನೆ ಎಂದು ಬರೆದುಕೊಂಡಿದ್ದ ಡೀಸೆಲ್ ಗಾಡಿ ನಮ್ಮ ಸಂಸಾರವನ್ನು ಹೊರಲು ಕಾಗದದ ಮೇಲೆ 175 ಪೌಂಡ್ ಕಡಿಮೆ ಬಿತ್ತು. ಡೀಸೆಲ್ಲೇ ಬೇಕೆಂದರೆ ಒಂದು ಟನ್ ವರ್ಗಕ್ಕೆ ಹೋಗಿ ಎಂದು ಆ ಹುಡುಗನೇ ಕೊನೆಗೆ ಹೇಳಿದ.

ಪೆಟ್ರೋಲ್ ಗಾಡಿಗೆ ಸಹಿ ಹಾಕಿದೆವು. ಹಿಂದಿನ ಆಕ್ಸೆಲ್ 4.30 ಅನುಪಾತದ್ದು ಸಿಕ್ಕಿತು, ಎಳೆತಕ್ಕೆ ಅನುಕೂಲ, ಆದರೆ ಖಾಲಿ ಓಡುವಾಗ ಮೈಲೇಜ್ ಸ್ವಲ್ಪ ತಿನ್ನುತ್ತದೆಯಂತೆ. ತಂದೆಯವರಿಗೆ ಇನ್ನೂ ಹೇಳಿಲ್ಲ. ಬಯಲುಸೀಮೆಯವರೇ, ಎಕ್ಸಾಸ್ಟ್ ಬ್ರೇಕ್ ಇಲ್ಲದೆ ಆ ಇಳಿಜಾರನ್ನು ಇಳಿಯುವುದು ಹೇಗೆಂದು ನೀವೇ ಹೇಳಿಕೊಡಬೇಕು.

ಡೆನ್ವರ್ ಬಯಲುಸೀಮೆಯವ

ಒಳ್ಳೆಯದಾಯಿತು, ಅಭಿನಂದನೆಗಳು. ಹೊರಡುವ ಮೊದಲೇ ಟ್ರೇಲರಿನ ಬ್ರೇಕ್ ಕಂಟ್ರೋಲರನ್ನು (ಟ್ರೇಲರಿನ ಬ್ರೇಕ್ ಎಷ್ಟು ಹಿಡಿಯಬೇಕೆಂದು ಗಾಡಿಯಿಂದ ಹೇಳುವ ಸಾಧನ) ಖಾಲಿ ಮೈದಾನದಲ್ಲಿ ಹೊಂದಿಸಿಕೊಳ್ಳಿ. ಗಾಡಿ ಟ್ರೇಲರನ್ನು ಎಳೆದು ನಿಲ್ಲಿಸಬಾರದು, ಟ್ರೇಲರ್ ತನ್ನ ಪಾಲಿನ ಕೆಲಸವನ್ನು ತಾನೇ ಮಾಡಬೇಕು. ಭಾರ ಎಳೆಯಲು ತಕ್ಕಂತೆ ಗೇರುಗಳನ್ನು ಹೊಂದಿಸುವ ಟೋ-ಹಾಲ್ ಗುಂಡಿಯನ್ನು ಡೆನ್ವರಿನಲ್ಲೇ ಒತ್ತಿಬಿಡಿ. ಸುರಂಗದ ಒಳಗಿರುವಾಗಲೇ ವೇಗವನ್ನು 45ಕ್ಕೆ ಇಳಿಸಿ ಕೆಳಗಿನ ಗೇರಿಗೆ ಬನ್ನಿ, ಹೊರಗೆ ಬಂದ ಮೇಲೆ ಅಲ್ಲ. ಎಂಜಿನ್ 4,000ದಲ್ಲಿ ಕೂಗಲಿ, ಬಿಡಿ. ವೇಗ 50 ಮುಟ್ಟಿದಾಗ ಗಟ್ಟಿಯಾಗಿ ಒಮ್ಮೆ ಬ್ರೇಕ್ ಒತ್ತಿ 40ಕ್ಕೆ ತಂದು, ಕಾಲು ಪೂರ್ತಿ ತೆಗೆಯಿರಿ. ಡಿಸ್ಕುಗಳಿಗೆ ಉಸಿರಾಡಲು ಬಿಡಿ. ನನ್ನ ಹಾಗೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಲಾರಿಗಳು ಹಳದಿ ದೀಪ ಮಿನುಗಿಸುತ್ತಾ ಬಲಗಡೆ ಇಳಿಯುತ್ತಿರುತ್ತವೆ, ಅವುಗಳ ಹಿಂದೆ ಸೇರಿಕೊಳ್ಳಿ, ಯಾರು ಹಾರ್ನ್ ಹೊಡೆದರೂ ಲೆಕ್ಕಿಸಬೇಡಿ. ಸಿಲ್ವರ್‌ಥಾರ್ನ್ ತಲುಪಿದ ಮೇಲೆ ಒಂದು ಸಂದೇಶ ಹಾಕಿ. ಜುಲೈ ಎರಡನೆಯ ವಾರ ನಾವೂ ಡಿಲ್ಲನ್ ಕೆರೆಯ ಹತ್ತಿರ ಟ್ರೇಲರ್ ಹಾಕಿರುತ್ತೇವೆ. ಗ್ರೈಂಡರ್ ಹೇಗೂ ಬರುತ್ತದಲ್ಲ, ಉದ್ದಿನಬೇಳೆ ನಾನು ತರುತ್ತೇನೆ.